ಸೆಣಬಿನ ಹೊಲದ ಚುಕ್ಕಿ ಪತಂಗ

ಪತಂಗ ನೋಡುವುದೆಂದರೆ ರಾತ್ರಿ ಬಿಳಿ ಪಂಚೆ ಕಟ್ಟಿ, ಬಲ್ಬು ಉರಿಸಿ ಕಾಯುವುದು ಎಂದೇ ಹಲವರ ಎಣಿಕೆ. ಅಂಗೈಗಿಂತ ದೊಡ್ಡ ಅಟ್ಲಾಸ್ ಬಂದು ಕೂತರೆ ಜನ್ಮ ಸಾರ್ಥಕ! ನನ್ನ ಒಲವು ಉಟೆಥೈಸಾ ಪುಲ್ಚೆಲ್ಲಾ ಎಂಬ ಪುಟ್ಟ ಚುಕ್ಕಿ ಪತಂಗದ ಕಡೆಗೆ. ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿದ ಹೊಲದ ಬದುವಿನಲ್ಲಿ ಹಟ್ಟಹಗಲೇ ನಡೆದರೆ ಸಾಕು, ಕಾಲಬುಡದಿಂದ ಬಿಳಿ ಚೂರೊಂದು ಎದ್ದು ನಾಲ್ಕು ಮಾರು ಹಾರಿ ಮತ್ತೆ ಹುಲ್ಲಿಗಿಳಿಯುತ್ತದೆ.

ರೆಕ್ಕೆ ಹರಡಿದರೆ ಮೂರು-ನಾಲ್ಕು ಸೆಂಟಿಮೀಟರ್, ಅಷ್ಟೇ. ಕೆನೆಬಿಳುಪಿನ ಮುಂದಿನ ರೆಕ್ಕೆಗಳ ತುಂಬ ಕುಂಕುಮದ ಬೊಟ್ಟಿನಂಥ ಕೆಂಪು, ಅದರ ನಡುನಡುವೆ ಸಣ್ಣ ಕಪ್ಪು ಚುಕ್ಕಿ. ಹಿಂದಿನ ರೆಕ್ಕೆ ಬಿಳಿ. ಅಂಚಿಗೆ ಅಂಕುಡೊಂಕು ಕಪ್ಪು. ಲಿನೇಯಸ್ 1758ರಲ್ಲೇ ಇದಕ್ಕೆ ಹೆಸರಿಟ್ಟ. ಆಫ್ರಿಕಾ, ದಕ್ಷಿಣ ಯುರೋಪಿನಿಂದ ಭಾರತದವರೆಗೂ ಇದರ ನೆಲೆ. ಗಾಳಿ ಕೂಡಿಬಂದ ವರ್ಷ ಇಂಗ್ಲೆಂಡಿನ ಕರಾವಳಿಗೂ ಹೋಗುವುದುಂಟು; ಅಲ್ಲಿಯ ಹವ್ಯಾಸಿಗಳಿಗೆ ಆಗ ಹಬ್ಬ.

ಕಂಬಳಿಹುಳು ಕರಿಬೂದು, ಮೈಮೇಲೆ ಬಿಳಿ ಗೆರೆ, ಕಿತ್ತಳೆ ಗುರುತು. ಸೆಣಬು, ಅದರ ಬಳಗದ ಗಿಜಿಗಿಜಿ ಗಿಡ, ಚೇಳುಕೊಂಡಿ ಗಿಡ ಇದರ ಊಟ. ಎಲೆ ಮುಗಿಸಿ ಕಾಯಿಗೆ ಬರುತ್ತದೆ: ದುಂಡನೆಯ ತೂತು, ತಲೆ ಒಳಗೆ, ಅರ್ಧ ಮೈ ಹೊರಗೆ. ಬೀಜಕ್ಕೆಂದು ಬೆಳೆದವರು ಸಿಟ್ಟಾಗುವುದು ನ್ಯಾಯ. ಗೊಬ್ಬರಕ್ಕೆ ಬಿತ್ತಿದವರು ಕಾಯಿಗಟ್ಟುವ ಮೊದಲೇ ಉತ್ತುಬಿಡುತ್ತಾರೆ; ಅವರೂ ಔಷಧಿ ಹೊಡೆಯಲು ಓಡುವುದೇಕೋ!

ಈ ಗಿಡಗಳಲ್ಲಿ ಪೈರೋಲಿಜಿಡಿನ್ ಎಂಬ ವಿಷವಿದೆ, ದನಗಳ ಪಿತ್ತಜನಕಾಂಗ ಕೆಡಿಸುವಂಥದ್ದು. ಹುಳು ಅದನ್ನು ತಿಂದು ದಕ್ಕಿಸಿಕೊಂಡು, ಪತಂಗವಾದ ಮೇಲೂ ಮೈಯಲ್ಲಿ ಇಟ್ಟುಕೊಳ್ಳುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿ ಥಾಮಸ್ ಐಸ್ನರ್ ಇದರ ಅಮೆರಿಕದ ದಾಯಾದಿ ಉಟೆಥೈಸಾ ಆರ್ನಾಟ್ರಿಕ್ಸ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಬಲೆಗೆ ಬಿದ್ದ ಆ ಪತಂಗವನ್ನು ಜೇಡ ಮುಟ್ಟಿ ನೋಡಿ, ಎಳೆಗಳನ್ನು ತಾನೇ ಒಂದೊಂದಾಗಿ ಕತ್ತರಿಸಿ ಬಿಟ್ಟುಕಳಿಸುತ್ತದೆ. ವಿಷವಿಲ್ಲದ ಆಹಾರ ಕೊಟ್ಟು ಸಾಕಿದ ಪತಂಗವಾದರೆ ಅಲ್ಲೇ ತಿಂದು ಮುಗಿಸುತ್ತದೆ. ಕೂಡುವಾಗ ಗಂಡು ತನ್ನ ವಿಷದ ಪಾಲನ್ನು ಹೆಣ್ಣಿಗೆ ಕೊಡುತ್ತದೆ, ಹೆಣ್ಣು ತನ್ನದನ್ನೂ ಸೇರಿಸಿ ಮೊಟ್ಟೆಗಳಿಗೆ ದಾಟಿಸುತ್ತದೆ. ಇಷ್ಟು ತಿಳಿದ ಮೇಲೆ ಆ ಕೆಂಪು ಬೊಟ್ಟುಗಳನ್ನು ಬರೀ ಅಲಂಕಾರವೆನ್ನಲು ನನಗೆ ಮನಸ್ಸಾಗದು.

ಹುಡುಕಹೊರಟವರಿಗೆ ಒಂದು ಕಿವಿಮಾತು. ಉಟೆಥೈಸಾ ಲೋಟ್ರಿಕ್ಸ್ ಎಂಬ ತದ್ರೂಪಿಯೊಂದು ನಮ್ಮಲ್ಲಿದೆ, ಅದರ ಹುಳುವೂ ಸೆಣಬಿನ ಬಳಗದ ಗಿಡಗಳನ್ನೇ ಮೇಯುತ್ತದೆ. ರೆಕ್ಕೆ ಮಡಚಿ ಕೂತ ಒಂದೇ ಮೊಬೈಲ್ ಚಿತ್ರ ನೋಡಿ ಜಾತಿ ಹೇಳಿಬಿಡುವವರನ್ನು ನಾನಂತೂ ನಂಬುವುದಿಲ್ಲ. ಹಿಂದಿನ ರೆಕ್ಕೆಯೂ ಕಾಣುವಂತೆ ಇನ್ನೊಂದು ತೆಗೆಯಿರಿ, ಗಿಡದ್ದೂ ಒಂದಿರಲಿ.