ಮೂಕಜ್ಜಿಯೊಳಗಿನ ಹತ್ತು ವರ್ಷದ ಹುಡುಗಿ

ಕಳೆದ ದಸರಾ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗಳು ಒಂದು ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಜೊತೆಗೆ ತಂದಿದ್ದಳು. ಊಟಕ್ಕೆ ಕರೆದರೂ ಏಳಳು, ಕೆರೆ ಏರಿಯ ಮೇಲೆ ಓಡಾಡಿ ಬರೋಣ ಎಂದರೂ ಏಳಳು. ಅದರಲ್ಲಿ ಅಂಥದ್ದೇನಿದೆಯೆಂದು ಕೇಳಿದ್ದಕ್ಕೆ ಅರ್ಧ ಗಂಟೆ ಕಥೆ ಹೇಳಿದಳು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನು, ಗ್ಯಾಸ್ ದೀಪದ ಬೀದಿಗಳು, ಮಂತ್ರವಿದ್ಯೆ ಬಲ್ಲ ಗಂಡಸರು, ಅವರ ಕೈಗೆ ಸಿಕ್ಕಿಬಿದ್ದ ಒಂದಷ್ಟು ಮಕ್ಕಳು. ಆ ಮಕ್ಕಳಿಗೆ ಬೇರೆಯವರ ಮನಸ್ಸಿನಲ್ಲಿರುವುದು ತಿಳಿಯುತ್ತದೆ, ಕಣ್ಣೆದುರು ಇಲ್ಲದ್ದು ಕಾಣುತ್ತದೆ. ಹೇಳಿ ಮುಗಿಸಿ, "ದೊಡ್ಡಮ್ಮ, ಕನ್ನಡದಲ್ಲಿ ಇಂಥದ್ದು ಯಾಕಿಲ್ಲ?" ಎಂದಳು.

ಇಲ್ಲವಮ್ಮ ಎನ್ನಲು ಬಾಯಿ ತೆರೆದವಳು ತಡೆದೆ. ಬೀರುವಿನಿಂದ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ತೆಗೆದು ಕೊಟ್ಟೆ. ಅವಳು ಹಿಂದೆಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಮಕ್ಕಳೆಲ್ಲಿದ್ದಾರೆ? ಅಜ್ಜಿ ತಾನೆ ಇರೋದು?" ಎಂದಳು.

ಅವಳ ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಹೌದು, ಮಕ್ಕಳೆಲ್ಲಿದ್ದಾರೆ?

ನಿಮ್ಮಲ್ಲಿ ಹಲವರು ಈ ಕಾದಂಬರಿಯನ್ನು ಓದಿರುತ್ತೀರಿ. ಓದದವರು 2019ರಲ್ಲಿ ಪಿ. ಶೇಷಾದ್ರಿಯವರು ಮಾಡಿದ ಸಿನಿಮಾದಲ್ಲಿ ಬಿ. ಜಯಶ್ರೀಯವರನ್ನು ಮೂಕಜ್ಜಿಯಾಗಿ ನೋಡಿರಬಹುದು. ಕಾದಂಬರಿ ಪ್ರಕಟವಾದದ್ದು 1968ರಲ್ಲಿ. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಎಲ್ಲರ ಬಾಯಲ್ಲೂ ಇದರ ಹೆಸರೇ. ಮೂಡೂರಿನ ಒಂದು ಮನೆ, ಅಲ್ಲೊಬ್ಬಳು ಎಂಬತ್ತರ ಆಸುಪಾಸಿನ ಅಜ್ಜಿ. ಹೆಸರು ಮೂಕಾಂಬಿಕೆ. ಯಾವುದಾದರೂ ಹಳೆಯ ವಸ್ತುವನ್ನು ಅವಳ ಕೈಗೆ ಕೊಟ್ಟರೆ ಸಾಕು, ಅದನ್ನು ಹಿಂದೆ ಹಿಡಿದಿದ್ದವರು, ಅದು ಕಂಡ ಕಾಲ, ಆ ಕಾಲದ ಪೂಜೆ, ಬಲಿ, ಬದುಕು ಎಲ್ಲ ಅವಳ ಕಣ್ಣ ಮುಂದೆ ಬರುತ್ತವೆ. ಊರಿನ ಕೆಲವರಿಗೆ ಇದು ಅರಳುಮರಳು. ಮೊಮ್ಮಗ ಸುಬ್ಬರಾಯನಿಗೆ ಮಾತ್ರ ಕುತೂಹಲ. ಅವನು ಕೇಳುತ್ತಾನೆ, ಅಜ್ಜಿ ಹೇಳುತ್ತಾಳೆ. ಕಾದಂಬರಿಯೆಂದರೆ ಬಹುಮಟ್ಟಿಗೆ ಇಷ್ಟೇ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಪುಸ್ತಕ ಪ್ರಕಟವಾದ ಹೊತ್ತಿಗೆ ಅಜ್ಜಿಗೆ ಎಂಬತ್ತು ಎಂದಿಟ್ಟುಕೊಂಡರೆ ಅವಳು ಹುಟ್ಟಿದ್ದು 1880ರ ದಶಕದ ಕೊನೆಯಲ್ಲಿ. ಅವಳು ವಿಧವೆಯಾದದ್ದು ಹತ್ತನೆಯ ವಯಸ್ಸಿಗೆ. ಅಂದರೆ 1890ರ ದಶಕ ಮುಗಿಯುತ್ತ ಬಂದಿತ್ತು. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಹಾಗಾದರೆ ನನ್ನ ತಂಗಿಯ ಮಗಳು ಕೇಳಿದ ಮಗು ಇಲ್ಲಿಯೇ ಇದ್ದಾಳೆ. ಅದೇ ರಾಣಿಯ ಆಳ್ವಿಕೆಯಲ್ಲಿ, ಗ್ಯಾಸ್ ದೀಪವಿಲ್ಲದ ಹಳ್ಳಿಯಲ್ಲಿ, ಆಟವಾಡುವ ವಯಸ್ಸಿಗೆ ಮುತ್ತೈದೆತನವನ್ನು ಕೊಟ್ಟು ಕಿತ್ತುಕೊಂಡ ಹುಡುಗಿ.

ಕಾನೂನು ಏನು ಮಾಡುತ್ತಿತ್ತು ಎನ್ನುತ್ತೀರಾ? ನಮ್ಮ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಬಾಲ್ಯವಿವಾಹ ತಡೆಯುವ ಕಾಯಿದೆ ಬಂತು. ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಕಟ್ಟಿಕೊಳ್ಳಬಾರದು ಎಂದು ಅದು ಹೇಳಿತು. ಆ ಕಾಲಕ್ಕೆ ಅದೇ ದೊಡ್ಡ ಸುಧಾರಣೆ. ಆದರೆ ಒಂಬತ್ತರ ಹುಡುಗಿಗೆ ಹಸೆ ಹಾಕುವುದಕ್ಕೆ ಅದರಲ್ಲಿ ಅಡ್ಡಿಯಿರಲಿಲ್ಲ. ಮೂಡೂರಿನ ಕಡೆಯ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅಲ್ಲಿ ಆ ಕಾಯಿದೆಯೂ ಇರಲಿಲ್ಲ. ವಿಧವೆಯರ ಮರುಮದುವೆಗೆ ಒಪ್ಪಿಗೆ ಕೊಟ್ಟ ಕಾನೂನು 1856ರಷ್ಟು ಹಿಂದೆಯೇ ಬಂದಿತ್ತು, ಆದರೆ ಅದು ಮನೆಗಳ ಹೊಸ್ತಿಲು ದಾಟಿ ಒಳಗೆ ಬರುವುದಕ್ಕೆ ಎಷ್ಟು ಕಾಲ ಬೇಕಾಯಿತೆಂದು ನಮ್ಮ ಅಜ್ಜಿಯಂದಿರನ್ನು ಕಂಡವರಿಗೆ ಹೇಳಬೇಕಾಗಿಲ್ಲ.

ನನ್ನ ಅಜ್ಜಿಯ ಅಕ್ಕ ಒಬ್ಬರಿದ್ದರು. ನಾವು ದೊಡ್ಡಜ್ಜಿ ಎನ್ನುತ್ತಿದ್ದೆವು. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು. ಒಂಬತ್ತಕ್ಕೆ ಗಂಡ ಹೋದ ಮೇಲೆ ತೌರಿನಲ್ಲೇ ಉಳಿದವರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಹಾಕಿ ಉಂಡೆ ಕೊಬ್ಬರಿ ಮಾಡುವುದು ನಿಮಗೆ ಗೊತ್ತೇ ಇದೆ. ಒಳಗಿನ ನೀರು ಆರಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ದೊಡ್ಡಜ್ಜಿ ಅಟ್ಟ ಹತ್ತಿ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಇದು ಆಯಿತು, ಇದಕ್ಕೆ ಇನ್ನೂ ತಿಂಗಳು ಬೇಕು, ಇದು ಒಳಗೆ ಕೆಟ್ಟಿದೆ ಎನ್ನುವರು. ಒಡೆದು ನೋಡಿದರೆ ಹಾಗೆಯೇ ಇರುತ್ತಿತ್ತು. ಮಕ್ಕಳಾದ ನಮಗೆ ಅವರಿಗೆ ಮಂತ್ರ ಬರುತ್ತದೆಂದೇ ನಂಬಿಕೆ. ಮನೆಯಲ್ಲಿ ಯಾರೂ ಅವರೊಡನೆ ಕೂತು ಮಾತಾಡುತ್ತಿರಲಿಲ್ಲ, ಅದಕ್ಕೇ ಅವರು ಅರವತ್ತು ವರ್ಷ ಕಾಯಿಗಳ ಮಾತು ಕೇಳಿಸಿಕೊಂಡಿದ್ದರು ಎನ್ನುವುದು ನನಗೆ ತಿಳಿದದ್ದು ಅವರು ಹೋದ ಎಷ್ಟೋ ವರ್ಷದ ಮೇಲೆ, ಮೂಕಜ್ಜಿಯನ್ನು ಎರಡನೆಯ ಸಲ ಓದುವಾಗ.

ಬಿ.ಎ. ಓದುವಾಗಿನ ಮೊದಲ ಓದಿನಲ್ಲಿ ನನಗೆ ಕಂಡದ್ದು ದೇವರುಗಳ ಚರ್ಚೆ ಮಾತ್ರ. ದೇವರು ಮನುಷ್ಯನನ್ನು ಮಾಡಿದನೋ, ಮನುಷ್ಯ ದೇವರನ್ನು ಮಾಡಿದನೋ ಎಂದು ಹಾಸ್ಟೆಲ್ಲಿನಲ್ಲಿ ರಾತ್ರಿಯೆಲ್ಲ ವಾದ ಮಾಡಿದ್ದೆವು. ವಿಮರ್ಶಕರೂ ಹೆಚ್ಚಾಗಿ ಅದನ್ನೇ ಎತ್ತಿಕೊಂಡರು. ಮೂಕಜ್ಜಿಯೂ ಇಲ್ಲಿ ಕಥಾನಾಯಕಿಯಲ್ಲ ಎಂದು ಕಾರಂತರೇ ಮುನ್ನುಡಿಯಲ್ಲಿ ಹೇಳಿಬಿಟ್ಟಿದ್ದಾರೆ. ಹೆಪ್ಪುಗಟ್ಟಿದ ನಂಬಿಕೆಗಳನ್ನು ಕರಗಿಸುವುದು ಅವರಿಗೆ ಅವಳಿಂದ ಆಗಬೇಕಾಗಿದ್ದ ಕೆಲಸ. ಅಷ್ಟು ದೊಡ್ಡವರ ಮಾತಿಗೆ ಎದುರು ಹೇಳುವಷ್ಟು ಓದಿದವಳಲ್ಲ ನಾನು. ಆದರೂ ಹೆಂಗಸಾಗಿ ಓದುವಾಗ ನನಗೆ ಅವಳೇ ನಾಯಕಿ, ಅವಳಿಗಿಂತಲೂ ಹೆಚ್ಚಾಗಿ ಅವಳೊಳಗೆ ಕೂತ ಆ ಹತ್ತು ವರ್ಷದವಳು.

ಕೈಯಲ್ಲಿ ಹಿಡಿದ ವಸ್ತುವಿನಿಂದ ಅದರ ಹಿಂದಿನ ಕಥೆ ತಿಳಿಯುವ ಈ ಶಕ್ತಿಗೆ ಪಶ್ಚಿಮದಲ್ಲಿ 1842ರಷ್ಟು ಹಿಂದೆಯೇ ಸೈಕೋಮೆಟ್ರಿ ಎಂಬ ಹೆಸರಿಟ್ಟಿದ್ದರು. ವಿಕ್ಟೋರಿಯಾ ಕಾಲಕ್ಕೆ ಇಂಥದ್ದರ ಹುಚ್ಚೇ ಹಿಡಿದಿತ್ತು. 1848ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಫಾಕ್ಸ್ ಮನೆತನದ ಇಬ್ಬರು ಹುಡುಗಿಯರು ಸತ್ತವರು ಗೋಡೆ ತಟ್ಟಿ ತಮ್ಮೊಡನೆ ಮಾತಾಡುತ್ತಾರೆ ಎಂದರು. ಕೇಟಿಗೆ ಹನ್ನೊಂದು, ಮಾರ್ಗರೆಟ್‌ಗೆ ಹದಿನಾಲ್ಕು. ಜನ ದುಡ್ಡು ಕೊಟ್ಟು ನೋಡಲು ಬಂದರು. ದೊಡ್ಡ ದೊಡ್ಡವರು ನಂಬಿದರು. ನಲವತ್ತು ವರ್ಷದ ಮೇಲೆ, 1888ರಲ್ಲಿ, ಆ ಸದ್ದೆಲ್ಲ ಕಾಲ್ಬೆರಳಿನ ಗೆಣ್ಣಿನಿಂದ ಮಾಡಿದ್ದು ಎಂದು ಮಾರ್ಗರೆಟ್ಟೇ ವೇದಿಕೆಯ ಮೇಲೆ ಮಾಡಿ ತೋರಿಸಿದಳು. ಮರುವರ್ಷ ಆ ಮಾತನ್ನೂ ಹಿಂದಕ್ಕೆ ತೆಗೆದುಕೊಂಡಳು. ಕೊನೆಗೆ ಇಬ್ಬರೂ ಬಡತನದಲ್ಲಿ ಸತ್ತರು. ಸುಳ್ಳೋ ನಿಜವೋ ಎಂದು ನಲವತ್ತು ವರ್ಷ ಪರೀಕ್ಷೆ ಮಾಡಿದ ಜನರಲ್ಲಿ ಆ ಹುಡುಗಿಯರಿಗೆ ಹಾಗೆ ಹೇಳಬೇಕೆಂದು ಯಾಕೆ ಅನ್ನಿಸಿತು ಎಂದು ಯೋಚಿಸಿದವರು ಎಷ್ಟು ಮಂದಿಯೋ!

ಕಾರಂತರ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅವರ ಅಜ್ಜಿ ವೇದಿಕೆ ಹತ್ತುವುದಿಲ್ಲ, ಕಾಣಿಕೆ ಮುಟ್ಟುವುದಿಲ್ಲ, ನಾಳೆ ಏನಾಗುತ್ತದೆ ಎಂದು ಕಣಿ ಹೇಳುವುದಿಲ್ಲ. ಅವಳಿಗೆ ಕಾಣುವುದು ಹಿಂದಿನದು. ಪವಾಡಗಳನ್ನು ನಂಬದ ಲೇಖಕರು ಒಂದು ಪವಾಡವನ್ನು ಇಟ್ಟುಕೊಂಡು, ಅದರಿಂದ ಯಾರಿಗೂ ಮೂರು ಕಾಸಿನ ಲಾಭವಾಗದಂತೆ ನೋಡಿಕೊಂಡಿದ್ದಾರೆ. ಸಂಸಾರವನ್ನೇ ಕಾಣದ ಈ ಹೆಂಗಸು ಗಂಡುಹೆಣ್ಣಿನ ಆಸೆಯ ಬಗ್ಗೆ ಹೇಸಿಗೆಯಿಲ್ಲದೆ ಮಾತಾಡುತ್ತಾಳೆ. ಊರೆಲ್ಲ ತಪ್ಪು ಹೊರಿಸಿದ ನಾಗಿಯ ಬಗ್ಗೆ ಕನಿಕರ ತೋರುತ್ತಾಳೆ. ತನಗೆ ಸಿಗದ ಸುಖವನ್ನು ಬೇರೆಯವರಿಗೂ ಸಿಗಬಾರದೆನ್ನುವ ಅಜ್ಜಿಯರನ್ನು ನಾವು ಕಂಡಿದ್ದೇವೆ. ಮೂಕಜ್ಜಿ ಅಂಥವಳಲ್ಲ. ಪುಸ್ತಕದಲ್ಲಿ ನನಗೆ ಪವಾಡವಾಗಿ ಕಂಡದ್ದು ಇದು.

ಆದರೆ ಒಂದು ಆಕ್ಷೇಪವನ್ನೂ ಹೇಳಲೇಬೇಕು. ಅಜ್ಜಿ ಮಾತಾಡುತ್ತ ಮಾತಾಡುತ್ತ ಕೆಲವು ಕಡೆ ಕಾರಂತರೇ ಮಾತಾಡುತ್ತಿದ್ದಾರೆ ಎನ್ನಿಸಿಬಿಡುತ್ತದೆ. ಸಾವಿರಾರು ವರ್ಷದ ದೇವರುಗಳು ಒಬ್ಬರ ಹಿಂದೊಬ್ಬರು ಬಂದು ಸಾಲಾಗಿ ನಿಲ್ಲುತ್ತಾರೆ. ಅವಳ ಸ್ವಂತ ಎಳೆತನಕ್ಕೆ ಸಿಗುವ ಜಾಗ ಅವರಿಗೆ ಸಿಗುವ ಜಾಗಕ್ಕಿಂತ ಬಹಳ ಕಡಿಮೆ. ಸುಬ್ಬರಾಯ ಒಳ್ಳೆಯ ಹುಡುಗ. ಊರು ಹುಚ್ಚೆಂದದ್ದನ್ನು ಕೂತು ಕೇಳಿಸಿಕೊಂಡ. ಆದರೂ ಅವನಿಗೆ ಹೆಚ್ಚು ಬೇಕಾದದ್ದು ಚರಿತ್ರೆ. ಮೂಳೆ, ಮಣಿಗಳ ಕಥೆ ಕೇಳಿದಷ್ಟು ಅಕ್ಕರೆಯಿಂದ ಅವಳ ಕಥೆಯನ್ನೂ ಕೇಳಬಾರದಿತ್ತೇ ಎಂದು ನನಗೆ ಅನ್ನಿಸುತ್ತದೆ.

ಈ ಆಕ್ಷೇಪಕ್ಕೆ ಕಾರಣ ನನ್ನ ತರಗತಿಯ ಒಬ್ಬ ಹುಡುಗಿ. ಹಲವು ವರ್ಷದ ಹಿಂದಿನ ಮಾತು. ಎಂಟನೆಯ ತರಗತಿಯಲ್ಲಿದ್ದ ಅವಳ ಮೈಮೇಲೆ ಜಾತ್ರೆಯಲ್ಲಿ ದೇವರು ಬಂತು. ಆಮೇಲೆ ಮಂಗಳವಾರ, ಶುಕ್ರವಾರ ಶಾಲೆಗೆ ಬರುವುದು ನಿಂತಿತು. ಅವಳ ಮನೆ ಮುಂದೆ ಹೆಂಗಸರು ನಿಂಬೆಹಣ್ಣು ಹಿಡಿದು ಕೂರುತ್ತಾರೆಂದು ಮಕ್ಕಳು ಹೇಳಿದರು. ನಾನು ಮೊದಲು ಮಾಡಿದ್ದು ಮೇಷ್ಟ್ರುಗಳೆಲ್ಲ ಮಾಡುವುದನ್ನೇ. ಹಾಜರಿ ಪುಸ್ತಕ ತೋರಿಸಿ ಗದರಿಸಿದೆ. ಇದೆಲ್ಲ ಮೂಢನಂಬಿಕೆ ಎಂದು ಇಡೀ ತರಗತಿಗೆ ಪಾಠ ಹೇಳಿದೆ. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

ಒಂದು ಸಂಜೆ ಅವಳೊಬ್ಬಳೇ ಸಿಕ್ಕಾಗ, ದೇವರ ಮಾತು ಬಿಟ್ಟು, "ಆವಾಗ ನಿನಗೇನನ್ನಿಸುತ್ತೆ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅಮ್ಮ ಬಂದಾಗ ಅಪ್ಪ ಎದುರು ಮಾತಾಡಲ್ಲ ಮೇಡಂ. ಕುಡೀಬೇಡ ಅಂದ್ರೆ ಕೈ ಮುಗೀತಾರೆ" ಎಂದಳು.

ನಾನು ಇನ್ನೇನು ಹೇಳಲಿ? ಅವಳು ನಟಿಸುತ್ತಿದ್ದಳು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ. ತನ್ನ ಬಾಯಿಂದ ಹೇಳಿದರೆ ನಡೆಯದ ಮಾತು ದೇವಿಯ ಬಾಯಿಂದ ನಡೆಯುತ್ತದೆ ಎಂದು ಅವಳ ಮೈಗೆ ತಿಳಿದಿತ್ತು. ಕೆಲವು ತಿಂಗಳಿಗೆ ದೇವರು ಬರುವುದು ತಾನಾಗಿ ನಿಂತಿತು, ಜನವೂ ಬರುವುದನ್ನು ಬಿಟ್ಟರು. ಹುಡುಗಿ ಶಾಲೆಗೆ ಸರಿಯಾಗಿ ಬಂದಳು, ಎಸ್.ಎಸ್.ಎಲ್.ಸಿ. ಮುಗಿಸಿದಳು. ಅಪ್ಪ ಮತ್ತೆ ಕುಡಿಯತೊಡಗಿದನಂತೆ. ಹಾಜರಿ ಪುಸ್ತಕದಲ್ಲಿ ನಾನು ಗೆದ್ದೆ. ಅವಳ ಮಟ್ಟಿಗೆ ಏನಾಯಿತೆಂದು ಯೋಚಿಸಿದರೆ ಗೆದ್ದೆನೆಂದು ಹೇಳಲು ಬಾಯಿ ಬರುವುದಿಲ್ಲ.

ಈ ಹುಡುಗಿಯನ್ನು ಕಂಡ ಮೇಲೆ ಮೂಕಜ್ಜಿಯ ಕನಸುಗಳನ್ನು ನಾನು ದೇವರ ಚರಿತ್ರೆಯೆಂದು ಓದಲಾರೆ. ಮೂಕಾಂಬಿಕೆ ಎಂಬ ಹೆಸರು ಮೋಟಾಗಿ ಮೂಕಿಯಾಯಿತು, ವೈಧವ್ಯ ಅದನ್ನು ನಿಜವೂ ಮಾಡಿತು. ಹಸೆಗಿಲ್ಲ, ಆರತಿಗಿಲ್ಲ, ಶುಭದ ಎದುರಿಗೆ ಬರುವಂತಿಲ್ಲ. ಮನುಷ್ಯರನ್ನು ಮುಟ್ಟುವುದಕ್ಕೂ ಮಡಿಯ ಅಡ್ಡಿ. ಅಂಥವಳು ವಸ್ತುವನ್ನು ಮುಟ್ಟಿದರೆ ಮಾತ್ರ ಜಗತ್ತೆಲ್ಲ ಕಾಣುತ್ತದೆ ಎಂದು ಬರೆದರಲ್ಲ, ಕಾರಂತರು ತಿಳಿದು ಬರೆದರೋ, ತಾನಾಗಿ ಬಂತೋ, ಹೆಣ್ಣಿನ ಒಂದು ದೊಡ್ಡ ನೋವು ಅಲ್ಲಿ ಅಡಗಿದೆ. ತಂಗಿಯ ಮಗಳ ಇಂಗ್ಲಿಷ್ ಕಾದಂಬರಿಯ ಮಕ್ಕಳಿಗೆ ಶಕ್ತಿ ಬಂದು ಸಾಹಸಗಳಾದವು. ನಮ್ಮ ಮೂಕಿಗೆ ಶಕ್ತಿ ಬಂದು, ಅದನ್ನು ಕೇಳುವ ಒಂದು ಜೀವ ಸಿಗುವುದಕ್ಕೆ ಎಷ್ಟೋ ದಶಕ ಬೇಕಾಯಿತು.

ರಜೆ ಮುಗಿಸಿ ಹೋಗುವಾಗ ತಂಗಿಯ ಮಗಳು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಹದಿನೈದು ದಿನದ ಮೇಲೆ ಫೋನು ಮಾಡಿದಳು. ದೇವರ ವಿಷಯ ಬಂದ ಕಡೆ ಕೆಲವು ಪುಟ ಹಾರಿಸಿದಳಂತೆ. ಆಮೇಲೆ ಕೇಳಿದಳು: "ದೊಡ್ಡಮ್ಮ, ಆ ಅಜ್ಜಿ ಚಿಕ್ಕವಳಾಗಿದ್ದಾಗ ಅವಳಿಗೆ ಯಾವ ಆಟ ಇಷ್ಟ ಇತ್ತು?"

ನನಗೆ ನೆನಪಾದದ್ದು ಅಟ್ಟದ ಮೇಲಿನ ದೊಡ್ಡಜ್ಜಿ. ಅವರಿಗೆ ಯಾವ ಆಟ ಇಷ್ಟವಿತ್ತೆಂದು ನಾವು ಯಾರೂ ಒಂದು ದಿನವೂ ಕೇಳಿರಲಿಲ್ಲ.