ಎಳೆ ಎಣಿಸುವವರು

1733ರಲ್ಲಿ ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋರ್ ಎದುರು ಪಶ್ಚಿಮ ಆಫ್ರಿಕಾದ ಒಬ್ಬ ಮುಸ್ಲಿಮ್ ವಿದ್ವಾಂಸ ಕುಳಿತಿದ್ದ. ಹೆಸರು ಅಯ್ಯೂಬ್ ಸುಲೈಮಾನ್ ದಿಯಾಲೊ. ಈಗಿನ ಸೆನೆಗಲ್‌ನಲ್ಲಿರುವ ಬೊಂದು ಪ್ರಾಂತ್ಯದವನು. ಸೆರೆ ಸಿಕ್ಕಿ, ಅಮೆರಿಕದ ಮೇರಿಲ್ಯಾಂಡಿನಲ್ಲಿ ತಂಬಾಕು ಬೆಳೆಯುವವನಿಗೆ ಗುಲಾಮನಾಗಿ ಮಾರಾಟವಾಗಿ, ತಂದೆಗೆಂದು ಅರಬಿಯಲ್ಲಿ ಬರೆದ ಒಂದು ಪತ್ರದ ದೆಸೆಯಿಂದ ಬಿಡುಗಡೆಯ ದಾರಿ ಕಂಡವನು. ಮುಖ ಬರೆದು ಮುಗಿಸಿದ ಹೋರ್, ಯಾವ ಉಡುಪಿನಲ್ಲಿ ಚಿತ್ರಿಸಲಿ ಎಂದು ಕೇಳಿದ. ನನ್ನ ನಾಡಿನ ಉಡುಪಿನಲ್ಲೇ ಎಂದ ದಿಯಾಲೊ. ಕಾಣದ ಉಡುಪನ್ನು ಬರೆಯುವುದು ಹೇಗೆ ಎಂದು ಚಿತ್ರಕಾರ ಹಿಂಜರಿದ. ಯಾರೂ ಕಾಣದ ದೇವರನ್ನು ನಿಮ್ಮ ಚಿತ್ರಕಾರರು ಬರೆಯುತ್ತಾರಲ್ಲ, ಅದು ಹೇಗೆ ಎಂಬರ್ಥದಲ್ಲಿ ದಿಯಾಲೊ ತಿರುಗಿ ಪ್ರಶ್ನಿಸಿದನಂತೆ. 1734ರಲ್ಲಿ ಅವನ ಚರಿತ್ರೆಯನ್ನು ಪ್ರಕಟಿಸಿದ ಥಾಮಸ್ ಬ್ಲೂಯೆಟ್ ಇದನ್ನು ದಾಖಲಿಸಿದ್ದಾನೆ. ಚಿತ್ರದಲ್ಲಿ ದಿಯಾಲೊ ಬಿಳಿ ನಿಲುವಂಗಿ ತೊಟ್ಟು, ಪೇಟ ಸುತ್ತಿ ಕುಳಿತಿದ್ದಾನೆ. ರಾಜಮನೆತನದ ಭೇಟಿಗಾಗಿ ಅವನ ನಾಡಿನ ಮಾದರಿಯಲ್ಲೇ ಒಂದು ರೇಷ್ಮೆಯ ಉಡುಪನ್ನೂ ಅಲ್ಲಿ ಹೊಲಿಸಲಾಗಿತ್ತು.

ಕಣ್ಣೆದುರು ಇಲ್ಲದ ಉಡುಪನ್ನು ಮತ್ತೆ ಹೊಲಿಯುವ ಈ ಕೆಲಸ ಇಂದು ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ದೊಡ್ಡ ಹವ್ಯಾಸವಾಗಿಯೂ ಸಣ್ಣ ಉದ್ಯಮವಾಗಿಯೂ ಬೆಳೆದಿದೆ. ಅಲ್ಲಿ ಸಾವಿರಾರು ಜನ ಹಿಂದಿನ ಕಾಲದ ಸೈನಿಕರಂತೆ, ಕಮ್ಮಾರರಂತೆ, ಗೃಹಿಣಿಯರಂತೆ ಉಟ್ಟು ತೊಟ್ಟು, ಯುದ್ಧಗಳನ್ನೂ ದಿನನಿತ್ಯದ ಬದುಕನ್ನೂ ಮರಳಿ ಅಭಿನಯಿಸುತ್ತಾರೆ. ಜೀವಂತ ಇತಿಹಾಸ ಎಂದು ಇದಕ್ಕೆ ಹೆಸರು. ಇವರಿಗಾಗಿ ಹಳೆಯ ಕಾಲದ ಉಡುಪುಗಳನ್ನು ಕೈಯಿಂದಲೇ ಕತ್ತರಿಸಿ ಹೊಲಿಯುವ ದರ್ಜಿಗಳಿದ್ದಾರೆ. ಒಂದು ಕೋಟ್‌ಗೆ ನೂರಾರು ಡಾಲರ್ ಬೆಲೆ. ನಾರುಬಟ್ಟೆ, ಉಣ್ಣೆ, ಮೇಣ ಸವರಿದ ದಾರ, ಕೈಯಲ್ಲೇ ಹೆಣೆದ ಗುಂಡಿಮನೆ ಎಲ್ಲವೂ ಕಾಲಕ್ಕೆ ತಕ್ಕಂತಿರಬೇಕು. ಮ್ಯೂಸಿಯಮ್ಮುಗಳಲ್ಲಿ ಉಳಿದ ಉಡುಪುಗಳನ್ನು ಅಳೆದು ಜಾನೆಟ್ ಆರ್ನಲ್ಡ್ 1964ರಿಂದ ಪ್ರಕಟಿಸಿದ ಕತ್ತರಿಕೆಯ ನಕ್ಷೆಗಳು ಇವರಲ್ಲಿ ಅನೇಕರಿಗೆ ಮೂಲಗ್ರಂಥವಿದ್ದಂತೆ.

ಇದನ್ನು ಹಣವಂತರ ಛದ್ಮವೇಷವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ನ್ಯಾಯವಲ್ಲ. ಹೊಲಿಗೆ ಯಂತ್ರ ಬರುವ ಮುಂಚೆ ಒಂದು ಅಂಗಿಯ ಹಿಂದೆ ಎಷ್ಟು ಹೊತ್ತಿನ ದುಡಿಮೆ ಇತ್ತೆಂಬುದು ಪುಸ್ತಕ ಓದಿದವನಿಗಿಂತ ಹೊಲಿದು ನೋಡಿದವನಿಗೆ ಚೆನ್ನಾಗಿ ತಿಳಿಯುತ್ತದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ಶಸ್ತ್ರಾಗಾರಕ್ಕೆ ಸೈನಿಕರ ಸಮವಸ್ತ್ರ ಹೊಲಿದುಕೊಟ್ಟವರು ಮನೆಯಲ್ಲಿ ಕುಳಿತು ಸೂಜಿ ಹಿಡಿದ ಬಡ ಹೆಂಗಸರು. ಹೊಟ್ಟೆಗೆ ಸಾಲದ ಕೂಲಿಯ ಬಗ್ಗೆ ಅವರು ಸರಕಾರಕ್ಕೆ ಅರ್ಜಿಯನ್ನೂ ಸಲ್ಲಿಸಿದ್ದರು. ಯುದ್ಧದ ಇತಿಹಾಸದಲ್ಲಿ ಸೇನಾನಿಗಳ ಹೆಸರಿವೆ, ಈ ಹೆಂಗಸರದಿಲ್ಲ. ಅವರ ಹೊಲಿಗೆಯನ್ನು ಅನುಕರಿಸುವವನು ಅಷ್ಟರಮಟ್ಟಿಗೆ ಅವರನ್ನು ಗೌರವಿಸುತ್ತಾನೆ.

ತೊಡಕು ಶುರುವಾಗುವುದು ನಿಖರತೆಯೇ ಗುರಿಯಾದಾಗ. ಈ ಹವ್ಯಾಸಿಗಳಲ್ಲಿ ಕಟ್ಟಾ ನಿಷ್ಠರಿದ್ದಾರೆ. ಬೇರೆಯವರು ಇವರನ್ನು ಎಳೆ ಎಣಿಸುವವರು ಎಂದು ಹಾಸ್ಯ ಮಾಡುವುದುಂಟು. ಪತ್ರಕರ್ತ ಟೋನಿ ಹಾರ್ವಿಟ್ಸ್ 1998ರಲ್ಲಿ ಬರೆದ 'ಕಾನ್ಫೆಡರೇಟ್ಸ್ ಇನ್ ದ ಆಟಿಕ್' ಎಂಬ ಪುಸ್ತಕದಲ್ಲಿ ಇಂಥವರ ಜತೆ ಕಳೆದ ದಿನಗಳ ವಿವರಗಳಿವೆ. ಸಮವಸ್ತ್ರದ ಗುಂಡಿಗೆ ಹಳೆಯ ಬಣ್ಣ ಬರಲೆಂದು ಅದನ್ನು ಮೂತ್ರದಲ್ಲಿ ನೆನೆಸುವವರನ್ನು, ಅಂದಿನ ಹಸಿದ ಸೈನಿಕರಂತೆ ಕಾಣಲು ದೇಹ ದಂಡಿಸುವವರನ್ನು ಅಲ್ಲಿ ಕಾಣುತ್ತೇವೆ. ದಕ್ಷಿಣದ ಸೈನಿಕ ಏನು ತೊಟ್ಟ, ಏನು ತಿಂದ, ಹೇಗೆ ಚಳಿಯಲ್ಲಿ ನಡುಗಿದ ಎಂಬುದೆಲ್ಲ ಇವರಿಗೆ ಗೊತ್ತು. ಅವನು ಯಾವುದರ ರಕ್ಷಣೆಗೆ ಹೋರಾಡಿದ ಎಂಬ ಪ್ರಶ್ನೆ ಬಂದಾಗ ಮಾತ್ರ, ರಾಜಕೀಯ ಬೇಡ ಎಂಬ ಉತ್ತರ ಈ ವಲಯದಲ್ಲಿ ಬಹುಕಾಲ ಕೇಳಿಬಂದಿದೆ.

ವಿಚಿತ್ರವೆಂದರೆ ಉತ್ತರ ಆ ಬಟ್ಟೆಯಲ್ಲೇ ಇದೆ. ದಕ್ಷಿಣದ ಸೇನೆ ಬಹಳವಾಗಿ ಬಳಸಿದ್ದು ಜೀನ್ ಎಂಬ ಬಟ್ಟೆಯನ್ನು. ಹಾಸು ಹತ್ತಿಯದು, ಹೊಕ್ಕು ಉಣ್ಣೆಯದು. ಇಂದಿನ ನೇಕಾರರು ಹಳೆಯ ತುಣುಕುಗಳನ್ನು ನೋಡಿ ಅದನ್ನು ಮತ್ತೆ ನೇಯುತ್ತಾರೆ, ಬಣ್ಣವನ್ನೂ ಹೊಂದಿಸುತ್ತಾರೆ. ಆದರೆ ಆ ಹಾಸಿನ ಹತ್ತಿಯನ್ನು ಬಿಡಿಸಿದ ಕೈ ಯಾರದು? ಅಂದು ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದವರು ಬಹುಪಾಲು ಗುಲಾಮರು. ಇಂಚಿಗೆ ಎಷ್ಟು ಎಳೆ ಎಂದು ಎಣಿಸುವವನು ಅದೇ ಎಳೆಯನ್ನು ಹಿಡಿದು ಹಿಂದೆ ನಡೆದರೆ ಹತ್ತಿಯ ಹೊಲ ತಲುಪುತ್ತಾನೆ. ಅವನು ಮಗ್ಗದ ಬಳಿಯೇ ನಿಂತುಬಿಡುತ್ತಾನೆ ಎಂಬುದು ನನ್ನ ಆಕ್ಷೇಪ.

ಇನ್ನೊಂದು ತೊಡಕೂ ಇದೆ. ಉಳಿದ ಉಡುಪುಗಳು ಹೆಚ್ಚಾಗಿ ಉಳ್ಳವರವು. ಬಡವನ ಅಂಗಿ ಹರಿಯುವವರೆಗೂ ಅವನ ಮೈಮೇಲಿತ್ತು, ಹರಿದ ಮೇಲೆ ಚಿಂದಿಯಾಗಿ ಕಾಗದದ ಕಾರ್ಖಾನೆಗೆ ಹೋಯಿತು. ಹಾಗಾಗಿ ವರ್ಜೀನಿಯಾದ ಗುಲಾಮರು ಏನು ತೊಡುತ್ತಿದ್ದರೆಂದು ತಿಳಿಯಲು ಸಂಶೋಧಕರು ಹೋಗುವುದು 'ವರ್ಜೀನಿಯಾ ಗೆಜೆಟ್' ಪತ್ರಿಕೆಯ ಹಳೆಯ ಜಾಹೀರಾತುಗಳ ಬಳಿಗೆ. ಓಡಿಹೋದವನನ್ನು ಹಿಡಿದುಕೊಟ್ಟವರಿಗೆ ಬಹುಮಾನ ಎಂದು ಒಡೆಯರು ಹಾಕಿಸಿದ ಜಾಹೀರಾತುಗಳವು. ಒಸ್ನಾಬರ್ಗ್ ಎಂಬ ಒರಟು ನಾರುಬಟ್ಟೆಯ ಅಂಗಿ, ಅದರ ಬಣ್ಣ, ತೇಪೆ ಎಲ್ಲದರ ವಿವರ ಅಲ್ಲಿ ಸಿಗುತ್ತದೆ. ಒಬ್ಬನನ್ನು ಮರಳಿ ಬಂಧಿಸಲು ಬರೆದ ಸಾಲುಗಳೇ ಇಂದು ಅವನ ಉಡುಪನ್ನು ನೆನಪಿಸಿಕೊಳ್ಳಲು ಇರುವ ಮುಖ್ಯ ಆಧಾರಗಳಲ್ಲೊಂದು. ಅದನ್ನು ನೋಡಿ ಹೊಲಿಯುವವರು ಈ ಸಂಗತಿಯನ್ನೂ ಹೇಳಬೇಕಲ್ಲವೆ?

ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಈ ಪಾಠವನ್ನು ನಿಧಾನವಾಗಿ ಕಲಿತ ಊರು. 1926ರಿಂದ ರಾಕ್‌ಫೆಲರ್ ಹಣದಲ್ಲಿ ಅದನ್ನು 18ನೇ ಶತಮಾನದ ಪಟ್ಟಣವಾಗಿ ಪುನರ್ನಿರ್ಮಿಸಲಾಯಿತು. ಅಲ್ಲಿನ ದರ್ಜಿ ಅಂಗಡಿಯಲ್ಲಿ ಇಂದಿಗೂ ಅಂದಿನ ಕ್ರಮದಲ್ಲೇ ಕೈಹೊಲಿಗೆ ನಡೆಯುತ್ತದೆ. ಅಮೆರಿಕದ ಕ್ರಾಂತಿಯ ಹೊತ್ತಿಗೆ ಆ ಊರಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕರಿಯರಿದ್ದರು. ಆದರೆ ಅವರ ಬದುಕನ್ನು ತೋರಿಸುವ ಕಾರ್ಯಕ್ರಮ ಗಂಭೀರವಾಗಿ ಆರಂಭವಾದದ್ದು 1979ರಲ್ಲಿ. 1994ರ ಅಕ್ಟೋಬರಿನಲ್ಲಿ ಗುಲಾಮರ ಹರಾಜನ್ನು ಅಭಿನಯಿಸಿದಾಗ ಕರಿಯರ ಹಕ್ಕುಗಳ ಸಂಘಟನೆಯವರೇ ಪ್ರತಿಭಟಿಸಿದರು. ನೋವು ಪ್ರವಾಸಿಗರ ಮನರಂಜನೆಯಾಗುತ್ತದೆ ಎಂಬ ಅವರ ಭಯ ಸುಳ್ಳಲ್ಲ. ಹರಾಜಿಗೆ ನಿಂತವರಲ್ಲಿ ಒಬ್ಬರಾದ ಕ್ರಿಸ್ಟಿ ಕೋಲ್ಮನ್ ಸ್ವತಃ ಕರಿಯ ಮಹಿಳೆ, ಆ ವಿಭಾಗದ ಮುಖ್ಯಸ್ಥೆ. ನೋಡಿದ ಮೇಲೆ ಪ್ರತಿಭಟನಕಾರರಲ್ಲೊಬ್ಬರು ಅಭಿಪ್ರಾಯ ಬದಲಿಸಿದರು. ಅಲ್ಲಿ ಎದೆಗೆ ತಟ್ಟಿದ್ದು ಉಡುಪಿನ ನಿಖರತೆಯಲ್ಲ, ಅದನ್ನು ತೊಟ್ಟವರು ಹೇಳಲು ಹೊರಟ ಸತ್ಯ.

2019ರ ನವೆಂಬರಿನಲ್ಲಿ ಲೂಯಿಸಿಯಾನಾದಲ್ಲಿ ಕಲಾವಿದ ಡ್ರೆಡ್ ಸ್ಕಾಟ್ ಇನ್ನೂ ಮುಂದೆ ಹೋದ. 1811ರ ಜನವರಿಯಲ್ಲಿ ಅಲ್ಲಿನ ಕಬ್ಬಿನ ತೋಟಗಳ ಗುಲಾಮರು ದಂಗೆಯೆದ್ದು ನ್ಯೂ ಆರ್ಲಿಯನ್ಸ್ ಕಡೆಗೆ ನಡೆದಿದ್ದರು. ಸೋತವರ ತಲೆಗಳನ್ನು ನದಿಯ ದಂಡೆಗುಂಟ ಕಂಬಗಳಿಗೆ ಸಿಕ್ಕಿಸಲಾಗಿತ್ತು. ನೂರಾರು ಜನ ಅಂದಿನ ಉಡುಪು ತೊಟ್ಟು, ಇಂದಿನ ತೈಲ ಸಂಸ್ಕರಣಾಗಾರಗಳ ಪಕ್ಕದ ರಸ್ತೆಗಳಲ್ಲಿ ಎರಡು ದಿನ ನಡೆದರು. ನಡಿಗೆಗೆ ಮುಂಚೆ ಜನ ಒಟ್ಟಿಗೆ ಕುಳಿತು ಉಡುಪು ಹೊಲಿಯುವ ಕೂಟಗಳೂ ನಡೆದಿದ್ದವು. ಇಲ್ಲಿ ನಡಿಗೆ ಮುಗಿದದ್ದು ಕೊಲೆಯಲ್ಲಿ ಅಲ್ಲ, ಸಂಭ್ರಮದಲ್ಲಿ. ಎಳೆ ಎಣಿಸುವವರ ಲೆಕ್ಕದಲ್ಲಿ ಇದು ತಪ್ಪು. ನನಗೂ ಅಂತ್ಯ ಬದಲಿಸಿದ್ದರ ಬಗ್ಗೆ ಪೂರ್ಣ ಸಮಾಧಾನವಿಲ್ಲ, ಸೋಲನ್ನೂ ನೆನೆಯಬೇಕು. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ, ಸೈನಿಕನ ಗುಂಡಿಯಷ್ಟನ್ನೇ ಸರಿಯಾಗಿ ಹೇಳುವವರಿಗಿಂತ ಗುಲಾಮನ ಆಸೆಯನ್ನು ಹೇಳಿದವರ ಕಡೆಗೇ ನಾನಿದ್ದೇನೆ.

ಈ ಎಳೆ ನಮ್ಮ ದೇಶಕ್ಕೂ ಬರುತ್ತದೆ. 18ನೇ ಶತಮಾನದ ವೇಷ ತೊಡುವವರು ಇಷ್ಟಪಡುವ ಹೂಬಳ್ಳಿಯ ಚಿಂಟ್ಜ್ ಬಟ್ಟೆ ಮೂಲತಃ ಭಾರತದ್ದು. ಅಂದಿನ ಸಿರಿವಂತರು ಮನೆಯಲ್ಲಿ ತೊಡುತ್ತಿದ್ದ ಬನಿಯಾನ್ ಎಂಬ ಸಡಿಲ ನಿಲುವಂಗಿಗೆ ಹೆಸರು ಬಂದದ್ದು ನಮ್ಮ ಬನಿಯಾ ವರ್ತಕರಿಂದ. ನಾವು ಅಂಗಿಯೊಳಗೆ ತೊಡುವ ಬನಿಯನ್ನೂ ಅದೇ ಪದದ ಬಳಗ. ತನ್ನ ನೇಕಾರರನ್ನು ಕಾಪಾಡಲು ಇಂಗ್ಲೆಂಡ್ 1721ರಲ್ಲಿ ಅಚ್ಚಿನ ಹತ್ತಿಬಟ್ಟೆ ತೊಡುವುದನ್ನೇ ತನ್ನ ಜನರಿಗೆ ನಿಷೇಧಿಸಿತು. ಆದರೆ ಭಾರತದ ಬಟ್ಟೆಯನ್ನು ತರಿಸಿ ಹೊರನಾಡಿಗೆ ಕಳಿಸಲು ಅಡ್ಡಿ ಇರಲಿಲ್ಲ. ಕೋರಮಂಡಲ ಕರಾವಳಿಯಲ್ಲಿ ನೇಯ್ದ ಬಟ್ಟೆ ಆಫ್ರಿಕಾದ ತೀರದಲ್ಲಿ ಮನುಷ್ಯರನ್ನು ಕೊಳ್ಳುವ ಬೆಲೆಯಾಯಿತು. ತನ್ನ ಬಟ್ಟೆ ಎಲ್ಲಿಗೆ ಹೋಗುತ್ತಿದೆ ಎಂದು ಆ ನೇಕಾರನಿಗೆ ಯಾರು ಹೇಳಿದ್ದಾರು? ಇಂದು ಚಿಂಟ್ಜ್ ತೊಟ್ಟು ಚಹಾ ಕುಡಿಯುವ ಅಭಿನಯದಲ್ಲಿ ಈ ನೇಕಾರನಿಗೂ ಆ ಮನುಷ್ಯರಿಗೂ ಒಂದು ಮಾತಿನ ಜಾಗವಾದರೂ ಬೇಕು.

ಕೊನೆಗೆ ದಿಯಾಲೊನ ಚಿತ್ರಕ್ಕೆ ಮರಳೋಣ. ಕೊರಳಿಗೆ ಇಳಿಬಿದ್ದ ಕೆಂಪು ಹೊದಿಕೆಯ ಪುಸ್ತಕ ಕುರ್‌ಆನ್ ಇರಬೇಕು. ಇಂಗ್ಲೆಂಡಿನಲ್ಲಿ ಅವನು ನೆನಪಿನಿಂದಲೇ ಕುರ್‌ಆನ್‌ನ ಮೂರು ಪ್ರತಿಗಳನ್ನು ಬರೆದನೆನ್ನುತ್ತಾರೆ. ಗುಲಾಮನನ್ನಾಗಿಸಿದವರ ನಾಡಿನಲ್ಲಿ ತನ್ನ ಉಡುಪಿನಲ್ಲೇ ಕಾಣಿಸಿಕೊಳ್ಳುತ್ತೇನೆ ಎಂದ ಅವನ ಹಟ ನಮಗೆ ಹೆಮ್ಮೆ ತರುತ್ತದೆ. ಆದರೆ ಸೆರೆ ಸಿಕ್ಕುವ ಮುಂಚೆ ಅವನು ಗ್ಯಾಂಬಿಯಾ ನದಿಯ ತೀರಕ್ಕೆ ಹೋಗಿದ್ದು ಇಬ್ಬರು ಗುಲಾಮರನ್ನು ಮಾರಲು. ಆ ಇಬ್ಬರ ಚಿತ್ರವನ್ನು ಯಾರೂ ಬರೆಯಲಿಲ್ಲ, ಅವರು ಏನು ತೊಟ್ಟಿದ್ದರೆಂದು ಯಾರೂ ಕೇಳಲಿಲ್ಲ. ದಕ್ಷಿಣದ ಸೈನಿಕನ ಅಂಗಿಗೆ ಕೇಳಿದ ಪ್ರಶ್ನೆಯನ್ನು ಈ ಬಿಳಿ ನಿಲುವಂಗಿಗೂ ಕೇಳದಿದ್ದರೆ ನಮ್ಮ ಟೀಕೆಗೆ ಬೆಲೆಯಿಲ್ಲ.