ಕ್ಯಾಮೆರಾದ ತೀರ್ಪು ಮತ್ತು ನಮ್ಮ ಮುಖಗಳು

ಫೋಕಸ್ ಮಾಡುವುದು, ಬೆಳಕು ಅಳೆಯುವುದು, ಬಣ್ಣ ಹೊಂದಿಸುವುದು ಎಲ್ಲವನ್ನೂ ಕ್ಯಾಮೆರಾವೇ ಮಾಡಿಕೊಳ್ಳುವಾಗ ಛಾಯಾಗ್ರಾಹಕನಿಗೆ ಉಳಿದಿರುವ ಕೆಲಸವೇನು ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಯಂತ್ರ ಬಂದು ಕಲೆ ಕೆಟ್ಟಿತು ಎಂದು ಕೊರಗುವವರ ಜೊತೆ ನಾವಿಲ್ಲ. ತಾನೇ ಫೋಕಸ್ ಮಾಡಿಕೊಳ್ಳುವ ಕೋನಿಕಾ ಸಿ35 ಎಎಫ್ 1977ರಲ್ಲಿ ಮಾರುಕಟ್ಟೆಗೆ ಬಂತು. 1985ರ ಮಿನೋಲ್ಟಾ 7000 ಆ ಸೌಲಭ್ಯವನ್ನು ಲೆನ್ಸ್ ಬದಲಿಸುವ ಕ್ಯಾಮೆರಾಗಳಿಗೂ ತಂದಿತು. ವಯಸ್ಸಾಗಿ ಕಣ್ಣು ಮಂಜಾದ ಫೋಟೋಗ್ರಾಫರ್‌ಗೆ ಇದೇನೂ ಸಣ್ಣ ಉಪಕಾರವಲ್ಲ. 36 ಚಿತ್ರಗಳ ರೀಲಿನಲ್ಲಿ ನಾಲ್ಕೈದು ಮಸುಕಾದರೆ ಅದರ ನಷ್ಟವನ್ನು ಹೊರಬೇಕಾಗಿದ್ದವನೂ ಅವನೇ.

ನಮ್ಮ ತಕರಾರು ಬೆಳಕಿನ ಲೆಕ್ಕದ್ದು. ಮುಳಬಾಗಿಲಿನ ಹೈದರ್ ವಲಿ ದರ್ಗಾದ ಉರೂಸನ್ನೋ, ಆ ಊರಿನ ಒಂದು ನಿಕಾಹನ್ನೋ ಚಿತ್ರಿಸಲು ಹೊರಟವನನ್ನು ನೆನೆಯೋಣ. ಒಂದೆಡೆ ಬಿಳಿ ಜುಬ್ಬಾ, ಬಿಳಿ ಟೋಪಿಗಳ ಸಾಲು. ಇನ್ನೊಂದೆಡೆ ಕಪ್ಪು ಬುರ್ಖಾಗಳ ಗುಂಪು. ಕ್ಯಾಮೆರಾದ ಮೀಟರಿಗೆ ಇದು ಬಿಳಿ, ಇದು ಕಪ್ಪು ಎಂಬ ಅರಿವಿಲ್ಲ. ಎದುರಿಗಿರುವುದು ಬಿದ್ದ ಬೆಳಕಿನಲ್ಲಿ ಸುಮಾರು ಶೇ. 18ರಷ್ಟನ್ನು ಹಿಂದಿರುಗಿಸುವ ಬೂದು ಬಣ್ಣದ್ದೆಂದು ನಂಬಿ ಅದು ಲೆಕ್ಕ ಹಾಕುತ್ತದೆ. ಬಿಳಿ ಬಟ್ಟೆ ಕಂಡರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸುತ್ತದೆ. ಜುಬ್ಬಾ ಮಾಸಲಾಗಿ, ತೊಟ್ಟವರ ಮುಖ ಇನ್ನಷ್ಟು ಕಪ್ಪಾಗಿ ಬೀಳುತ್ತದೆ. ಬುರ್ಖಾ ಕಂಡರೆ ಬೆಳಕು ಸಾಲದೆಂದು ಏರಿಸುತ್ತದೆ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿ, ಮುಖದ ಗೆರೆಗಳು ಅಳಿಸಿಹೋಗುತ್ತವೆ. ಕಸುಬು ಬಲ್ಲವನು ಬಿಳಿಗೆ ಒಂದು ಸ್ಟಾಪ್ ಏರಿಸುತ್ತಾನೆ, ಕಪ್ಪಿಗೆ ಒಂದು ಸ್ಟಾಪ್ ಇಳಿಸುತ್ತಾನೆ. ಕೇಳಲು ತಿರುವುಮುರುವು, ಆದರೆ ಸರಿ. ಈಚಿನ ಕ್ಯಾಮೆರಾಗಳು ಮುಖವನ್ನು ಗುರುತಿಸಿ ಈ ತಪ್ಪನ್ನು ಬಹಳಷ್ಟು ತಿದ್ದಿಕೊಂಡಿವೆ ಎಂಬುದನ್ನೂ ಹೇಳಬೇಕು.

ಆದರೆ ಯಾವ ಮುಖ? 1950ರ ದಶಕದಿಂದ ಕೋಡಾಕ್ ಕಂಪೆನಿ ಬಣ್ಣ ಹೊಂದಿಸಲೆಂದು ಲ್ಯಾಬ್‌ಗಳಿಗೆ ಕಳುಹಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿದ್ದುದು ಬಿಳಿಯ ಹೆಣ್ಣಿನ ಚಿತ್ರ. ಅವಳ ಚರ್ಮ ಚೆನ್ನಾಗಿ ಬಂದರೆ ಎಲ್ಲವೂ ಸರಿ. ನಾನಾ ಬಣ್ಣದ ಹೆಂಗಸರಿರುವ ಕಾರ್ಡ್ ಬರಲು 1990ರ ದಶಕವೇ ಆಗಬೇಕಾಯಿತು. ಕಪ್ಪು ಚರ್ಮವನ್ನು ಇದ್ದ ಹಾಗೆಯೇ ತೋರಿಸುತ್ತೇವೆ ಎಂದು ಗೂಗಲ್ ತನ್ನ ಪಿಕ್ಸೆಲ್ 6 ಫೋನನ್ನು ಮುಂದಿಟ್ಟುಕೊಂಡು ಹೇಳಿದ್ದು 2021ರಲ್ಲಿ.

ಅಳೆಯುವ ಯಂತ್ರ ತಪ್ಪಿದರೆ ತಿದ್ದಬಹುದು. ಇಲ್ಲದ್ದನ್ನು ಸೇರಿಸುವ ಯಂತ್ರದ್ದು ಬೇರೆಯೇ ಕಥೆ. 2023ರ ಮಾರ್ಚ್‌ನಲ್ಲಿ ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಗೊಳಿಸಿ, ಕಂಪ್ಯೂಟರ್ ಪರದೆಯ ಮೇಲಿಟ್ಟು ಸ್ಯಾಮ್‌ಸಂಗ್ ಫೋನಿನಿಂದ ಫೋಟೋ ತೆಗೆದರು. ಪರದೆಯ ಮೇಲೆ ಇಲ್ಲದ ಕಲೆ, ಕುಳಿಗಳೆಲ್ಲ ಫೋಟೋದಲ್ಲಿ ಮೂಡಿದವು. ಫೋನು ಚಂದ್ರನನ್ನು ಗುರುತಿಸಿ ವಿವರವನ್ನು ಹೆಚ್ಚಿಸುತ್ತದೆಂದು ಕಂಪೆನಿ ವಿವರಣೆ ಕೊಟ್ಟಿತು. ರಮಝಾನಿನ 29ರ ಸಂಜೆ ಚಂದ್ರದರ್ಶನಕ್ಕೆ ಕಣ್ಣಿನ ಸಾಕ್ಷ್ಯ ಕೇಳುವ ನಮಗೆ ಇದು ಬರೀ ತಮಾಷೆಯ ಸುದ್ದಿಯಲ್ಲ.

ಇದೇ ಬುದ್ಧಿ ಈಗ ನಮ್ಮ ಹೆಣ್ಣುಮಕ್ಕಳ ಮುಖದ ಮೇಲೂ ಕೆಲಸ ಮಾಡುತ್ತಿದೆ. 'ಬ್ಯೂಟಿ' ಎಂಬ ಹೆಸರಿನಲ್ಲಿ ಫೋನು ಚರ್ಮವನ್ನು ನುಣುಪಾಗಿಸುತ್ತದೆ, ಬಿಳಿಚಿಸುತ್ತದೆ, ಕೆಲವೊಮ್ಮೆ ಗಲ್ಲವನ್ನೂ ಕಿರಿದಾಗಿಸುತ್ತದೆ. ಸಂಬಂಧ ನೋಡುವಾಗ ಗಂಡಿನ ಮನೆಗೆ ಹೋಗುವುದು ಅಂಥ ಫೋಟೋ. ಅದನ್ನು ನೋಡಿ ಬಂದವರು ಹುಡುಗಿಯನ್ನು ಕಂಡು ಮುಖ ಮುಖ ನೋಡಿಕೊಳ್ಳುವಾಗ ಅವಮಾನ ಫೋನಿನದಲ್ಲ, ಅವಳದು. ಎಣ್ಣೆಗಪ್ಪು ಬಣ್ಣದ ಹುಡುಗಿಯನ್ನು ಕಿಟಕಿಯ ಪಕ್ಕ ಕೂರಿಸಿ, ಒಂದು ಬದಿಯಿಂದ ಮೆದು ಬೆಳಕು ಬೀಳುವಂತೆ ಮಾಡಿ ಚೆಂದದ ಫೋಟೋ ತೆಗೆಯುವುದು ಸ್ಟುಡಿಯೋದವರಿಗೆ ಗೊತ್ತಿದ್ದ ವಿದ್ಯೆ. ಅದರಲ್ಲಿ ಸುಳ್ಳಿರಲಿಲ್ಲ. ಇಂದಿನ ಯಾವ ಕ್ಯಾಮೆರಾದಿಂದಲೂ ಅದನ್ನು ಮಾಡಬಹುದು, ಮೊದಲಿಗಿಂತ ಸುಲಭವಾಗಿ. ಬಿಳಿಚಿಸುವ ಆ ಸೌಲಭ್ಯವನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಲು ಅರ್ಧ ನಿಮಿಷವೂ ಬೇಡ. ಆದರೆ ಸ್ವಲ್ಪ ಬೆಳ್ಳಗೆ ಮಾಡಿಕೊಡಿ ಎಂದು ಫೋಟೋಗ್ರಾಫರ್‌ನನ್ನು ಕೇಳುವವರು ಹೆಚ್ಚಾಗಿ ಹುಡುಗಿಯ ಮನೆಯವರೇ.